ಹಂಚು ಜಾರಿದ ಮನೆ: ಮಗುವಿನ ಇಸುಬು ಮತ್ತು ಅಲರ್ಜಿ ಒಳಗೆ ಬರುವ ದಾರಿ

ಉಡುಪಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಎಳೆ ಮಕ್ಕಳ ತಾಯಂದಿರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ವಿವರ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಮಕ್ಕಳನ್ನು ಸೆರಗಲ್ಲಿ ಮುಚ್ಚಿಕೊಂಡು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ. ಒಂದು ಮಗುವಿನಿಂದಲೇ ಶುರು ಮಾಡುತ್ತೇನೆ.

ಐದು ತಿಂಗಳ ಮಗು. ಅಮ್ಮ, ಅಜ್ಜಿ ಇಬ್ಬರೂ ಜೊತೆಗೆ ಬಂದಿದ್ದರು. ಮಗುವಿನ ಎರಡೂ ಕೆನ್ನೆ ಕೆಂಪಗಾಗಿ, ನೀರು ಒಸರಿ, ಹಳದಿ ಹಕ್ಕಳೆ ಕಟ್ಟಿತ್ತು. ಪರಚಿಕೊಳ್ಳಬಾರದು ಅಂತ ಎರಡೂ ಕೈಗೆ ಬಟ್ಟೆಯ ಚೀಲ ಕಟ್ಟಿದ್ದರು. ಕೈ ಕಟ್ಟಿದರೇನು, ಮಗು ಕೆನ್ನೆಯನ್ನು ಅಮ್ಮನ ಹೆಗಲಿಗೆ ಉಜ್ಜುತ್ತಲೇ ಇತ್ತು. ಆ ಹೆಗಲಿನ ಬಟ್ಟೆಯಲ್ಲಿ ಒಣಗಿದ ಕಲೆಗಳಿದ್ದವು. ಅಮ್ಮ ಸರಿಯಾಗಿ ಮಲಗಿ ಎರಡು ತಿಂಗಳಾಗಿತ್ತು. ಅವರು ಮೀನು ಬಿಟ್ಟಿದ್ದರು, ಮೊಟ್ಟೆ ಬಿಟ್ಟಿದ್ದರು, ಬದನೆ ಬಿಟ್ಟಿದ್ದರು, ಕಡೆಗೆ ಹಾಲು ಮತ್ತು ಬೇಳೆಯನ್ನೂ ಬಿಟ್ಟಿದ್ದರು. ಗಂಜಿ, ಉಪ್ಪು, ಒಂದು ಪಲ್ಯ, ಅಷ್ಟೇ ಊಟ. "ಹಾಲು ಕುಡಿಸುವವಳು ನಂಜಿನದ್ದು ತಿಂದ್ರೆ ಮಗುವಿಗೆ ಇಳೀತದೆ ಅಲ್ವಾ ಡಾಕ್ಟ್ರೇ" ಅಂದರು.

ಅಜ್ಜಿಯ ಕೈಯಲ್ಲೊಂದು ಸ್ಟೀಲಿನ ಡಬ್ಬವಿತ್ತು. "ಸೋಪು ಮುಟ್ಟಿಸ್ಲೇ ಇಲ್ಲ. ಇದನ್ನೇ ಹಚ್ಚಿ ಮೀಯಿಸುದು" ಅಂತ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಕಡ್ಲೆಹಿಟ್ಟು, ಹೆಸರುಹಿಟ್ಟು, ಸ್ವಲ್ಪ ಅರಸಿನ. ಎಷ್ಟು ನುಣ್ಣಗೆ ಜರಡಿ ಹಿಡಿದಿದ್ದರು ಅಂದರೆ, ಅದರಲ್ಲಿದ್ದ ಪ್ರೀತಿ ಕಣ್ಣಿಗೇ ಕಾಣುತ್ತಿತ್ತು.

ಆ ಮನೆಯಲ್ಲಿ ಯಾರೂ ತಪ್ಪು ಮಾಡಬೇಕು ಅಂತ ಮಾಡಿದವರಲ್ಲ. ಆದರೆ ಏನಾಗಿತ್ತು ನೋಡಿ. ಅಮ್ಮನ ಬಟ್ಟಲಿನಿಂದ ಬೇಳೆ ತೆಗೆದಿದ್ದರು, ಅದೇ ಬೇಳೆಯ ಹಿಟ್ಟನ್ನು ಮಗುವಿನ ಒಡೆದ ಕೆನ್ನೆಗೆ ದಿನಾ ಉಜ್ಜುತ್ತಿದ್ದರು. ಇಸುಬಿನ, ಅಂದರೆ ಎಕ್ಸಿಮಾದ, ಬಗ್ಗೆ ಕಳೆದ 20 ವರ್ಷಗಳಲ್ಲಿ ಗೊತ್ತಾದದ್ದು ಸರಿಯಾಗಿ ಇದರ ತಿರುವುಮುರುವು. ಆಹಾರ ಬಾಯಿಯಿಂದ ಹೋದರೆ ಶರೀರ ಅದನ್ನು ಒಪ್ಪಿಕೊಳ್ಳಲು ಕಲಿಯುತ್ತದೆ. ಒಡೆದ ಚರ್ಮದಿಂದ ಹೋದರೆ ಅದನ್ನೇ ಶತ್ರು ಅಂತ ಕಲಿಯುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಅದು ಹೇಗೆ ಗೊತ್ತಾಯಿತು, ಅದರಿಂದ ನಾವು ಮನೆಯಲ್ಲಿ ಏನು ಬದಲಿಸಬೇಕು ಅನ್ನುವುದನ್ನು ನಿಧಾನಕ್ಕೆ ಹೇಳುತ್ತೇನೆ.

ನಮ್ಮೂರಿನ ಹಳೆ ಮನೆಯ ಮಾಡನ್ನು, ಅಂದರೆ ಚಾವಣಿಯನ್ನು, ನೆನಪು ಮಾಡಿಕೊಳ್ಳಿ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಈ ಕರಾವಳಿಯ ಮಳೆಯನ್ನು ತಡೆದದ್ದು ಆ ಕೆಂಪು ಹಂಚುಗಳೇ. ಪಕ್ಕಾಸು, ಅದರ ಮೇಲೆ ರೀಪು, ರೀಪಿನ ಮೇಲೆ ಒಂದರ ಅಂಚಿಗೆ ಇನ್ನೊಂದು ಕೂತ ಹಂಚು. ಒಂದು ಹಂಚು ಜಾರಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜಗಲಿಯಲ್ಲಿ ಸೋರುವುದು ಕಾಣುತ್ತದೆ, ತೂತು ಇರುವುದು ಇನ್ನೆಲ್ಲೋ.

ಚರ್ಮದ ಮೇಲ್ಪದರವೂ ಹೀಗೇ. 15ರಿಂದ 20 ಸಾಲು ಚಪ್ಪಟೆ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಜೀವ ಹೋದ ಕೋಶಗಳು, ಆದರೆ ಕೆಲಸ ಮುಗಿದಿಲ್ಲ. ಎಲ್ಲ ಸೇರಿ ದಪ್ಪ ಎಷ್ಟು ಗೊತ್ತಾ? ಮೈಯ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಹಂಚುಗಳ ಸಂದಿಯಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲ ಅನ್ನುವ ಮೂರು ಬಗೆಯ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನದ್ದು ಒಳಗೆ ಬಾರದ ಹಾಗೆ ಇಷ್ಟು ತೆಳುವಾದ ಮಾಡು ನಮ್ಮನ್ನು ಕಾಯುತ್ತದೆ.

ಈ ಹಂಚುಗಳನ್ನು ಗಟ್ಟಿಯಾಗಿ ಒತ್ತಿ ಚಪ್ಪಟೆ ಮಾಡುವ ಒಂದು ಪ್ರೊಟೀನ್ ಇದೆ, ಹೆಸರು ಫಿಲಾಗ್ರಿನ್. ಆ ಕೆಲಸ ಮುಗಿದ ಮೇಲೆ ಅದೇ ಪ್ರೊಟೀನ್ ಒಡೆದು ಪುಡಿಯಾಗಿ, ಚರ್ಮಕ್ಕೆ ತೇವ ಹಿಡಿದಿಡುವ ಪದಾರ್ಥವಾಗುತ್ತದೆ. ಚರ್ಮದ ಸ್ವಲ್ಪ ಹುಳಿ ಗುಣವನ್ನು ಕಾಯುವುದರಲ್ಲೂ ಅದರ ಪಾಲಿದೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಜೊತೆಯವರು ಒಂದು ವಿಷಯ ತೋರಿಸಿಕೊಟ್ಟರು. ಈ ಫಿಲಾಗ್ರಿನ್ ಮಾಡುವ ಜೀನ್ ಕೆಟ್ಟವರಿಗೆ ಇಸುಬು ಬರುವ ಸಂಭವ ತುಂಬಾ ಜಾಸ್ತಿ. ಯುರೋಪಿನಲ್ಲಿ ಹತ್ತರಲ್ಲಿ ಸುಮಾರು ಒಬ್ಬರು ಈ ಜೀನಿನ ಒಂದು ಕೆಟ್ಟ ಪ್ರತಿ ಹೊತ್ತಿದ್ದಾರೆ. ಏಷ್ಯಾದಲ್ಲಿ ಬೇರೆ ಬಗೆಯ ದೋಷಗಳು ಕಂಡಿವೆ. ಎಲ್ಲ ಇಸುಬಿಗೂ ಇದೇ ಕಾರಣ ಅಲ್ಲ. ಜೀನ್ ಕೆಟ್ಟಿದ್ದೂ ಆರಾಮಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇದು ಯೋಚನೆಯ ದಿಕ್ಕನ್ನೇ ತಿರುಗಿಸಿತು. ಅಲ್ಲಿಯವರೆಗೆ ಇಸುಬು ಅಂದರೆ ಒಳಗಿನ ಅಲರ್ಜಿ ಹೊರಗೆ ಕಾಣುವುದು ಅಂತ ನಾವು ನಂಬಿದ್ದೆವು. ತೂತು ಮೊದಲು ಮಾಡಿನಲ್ಲೇ ಇರಬಹುದು ಅಂತ ಆಮೇಲೆ ಗೊತ್ತಾಯಿತು.

ಈ ಜೀನಿನ ಗುರುತು ಕೆಲವರ ಅಂಗೈಯಲ್ಲೇ ಕಾಣುತ್ತದೆ. ನನ್ನ ಹತ್ತಿರ ಬರುವ ಮಕ್ಕಳ ಅಂಗೈಯನ್ನು ನಾನು ಬೆಳಕಿಗೆ ಹಿಡಿದು ನೋಡುತ್ತೇನೆ. ಎಂಟು ವರ್ಷದ ಮಗುವಿನ ಕೈಯಲ್ಲಿ ಅಜ್ಜಿಯ ಕೈಯಂತೆ ಗೆರೆಗಳ ಬಲೆ, ಮೊಣಕಾಲ ಕೆಳಗೆ ಮೀನಿನ ಪೊರೆಯಂಥ ಒಣ ಚರ್ಮ. ಎಷ್ಟೋ ಸಲ ಪಕ್ಕದಲ್ಲಿ ಕೂತ ಅಪ್ಪನ ಅಂಗೈ ಕೇಳಿ ನೋಡಿದರೆ ಅಲ್ಲೂ ಅದೇ ಗೆರೆ. ಇನ್ನೊಂದು ಗುರುತು ಉಗುರು. ದಿನವಿಡೀ ತುರಿಸಿ ತುರಿಸಿ ಉಗುರಿನ ಮೇಲ್ಮೈ ಪಾಲಿಶ್ ಹಾಕಿದ ಹಾಗೆ ಮಿರಿಮಿರಿ ಹೊಳೆಯುತ್ತದೆ. "ಈಗ ತುರಿಕೆ ಇಲ್ಲ" ಅಂತ ಮಗು ಹೇಳಿದರೂ ಉಗುರು ನಿಜ ಹೇಳುತ್ತದೆ.

ಇನ್ನು ಇಸುಬಿಗೂ ಬೇರೆ ಅಲರ್ಜಿಗಳಿಗೂ ಇರುವ ನಂಟು. ಇದು ಹೊಸ ಮಾತೇನಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ದಮ್ಮು, ಇನ್ನೊಬ್ಬರಿಗೆ ಬೆಳಿಗ್ಗೆ ಎದ್ದರೆ ಇಪ್ಪತ್ತು ಸೀನು, ಮೊಮ್ಮಗುವಿಗೆ ಇಸುಬು. ಇಂಥ ಮನೆಗಳು ನಿಮಗೆಲ್ಲ ಗೊತ್ತು. ಈ ಗುಂಪಿಗೆ ಅಟೋಪಿ ಅಂತ ಹೆಸರು ಬಂದದ್ದು 1923ರಲ್ಲಿ. ಒಂದೇ ಮಗುವಿನಲ್ಲೂ ಇವು ಒಂದರ ಹಿಂದೆ ಒಂದು ಬರುವುದುಂಟು. ಮೊದಲ ವರ್ಷ ಇಸುಬು, ಜೊತೆಜೊತೆಗೆ ಮೊಟ್ಟೆ, ಹಾಲು, ನೆಲಗಡಲೆಯಂಥ ಆಹಾರದ ಅಲರ್ಜಿ, ಶಾಲೆಗೆ ಹೋಗುವ ಹೊತ್ತಿಗೆ ಉಬ್ಬಸ, ಆಮೇಲೆ ಮೂಗಿನ ಅಲರ್ಜಿ. ವೈದ್ಯರು ಇದನ್ನು ಅಟೋಪಿಕ್ ಮಾರ್ಚ್ ಅನ್ನುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಒಂದು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಇಸುಬು ಇದ್ದ ಐದು ಮಕ್ಕಳಲ್ಲಿ ಒಂದಕ್ಕೆ ಆಹಾರದ ಅಲರ್ಜಿ ಇತ್ತು. ಇಸುಬು ಇಲ್ಲದವರಲ್ಲಿ 25ಕ್ಕೆ ಒಂದು ಮಗು ಮಾತ್ರ.

ನನಗೆ ಇದರಲ್ಲೆಲ್ಲ ಅತಿ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಫಿಲಾಗ್ರಿನ್ ಜೀನ್ ಕೆಟ್ಟು ಇಸುಬು ಬಂದ ಮಕ್ಕಳಿಗೆ ಉಬ್ಬಸದ ಸಂಭವವೂ ಜಾಸ್ತಿ. ಆದರೆ ಶ್ವಾಸನಾಳದಲ್ಲಿ ಫಿಲಾಗ್ರಿನ್ ಇಲ್ಲವೇ ಇಲ್ಲ! ಅದು ಚರ್ಮದ ವಸ್ತು. ಮತ್ತೆ ಚರ್ಮದ ಹಂಚು ಕೆಟ್ಟರೆ ಎದೆ ಯಾಕೆ ಸುಂಯ್‌ಗುಟ್ಟಬೇಕು? ದಾರಿ ಚರ್ಮದಿಂದಲೇ ಶುರುವಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸುಳಿವು ನನಗೆ ಕಂಡಿಲ್ಲ.

ಒಳಗೆ ನಡೆಯುವುದು ಇಷ್ಟು. ಒಡೆದ ಚರ್ಮದ ಕೋಶಗಳು ಅಪಾಯದ ಗಂಟೆ ಬಾರಿಸುವ ರಾಸಾಯನಿಕಗಳನ್ನು ಬಿಡುತ್ತವೆ. ಗಂಟೆ ಬಾರಿಸುತ್ತಿರುವ ಹೊತ್ತಲ್ಲೇ ಸಂದಿಯಿಂದ ಮೊಟ್ಟೆಯ ಕಣವೋ, ಧೂಳಿನ ಕಣವೋ ಒಳಗೆ ಬಂದರೆ, ಕಾವಲು ಕೋಶಗಳು ಅದನ್ನು ಹಿಡಿದು ಹತ್ತಿರದ ಗಂಟಿಗೆ, ಅಂದರೆ ಲಿಂಫ್ ಗ್ರಂಥಿಗೆ, ಒಯ್ದು ತೋರಿಸುತ್ತವೆ. "ನಂಜು ಬಂದಿದೆ" ಅಂತ ಅಲ್ಲಿ ದಾಖಲಾಗುತ್ತದೆ. ಆಮೇಲೆ ಆ ಪದಾರ್ಥದ ವಿರುದ್ಧ ಐಜಿಇ ಅನ್ನುವ ಪ್ರತಿಕಾಯ ತಯಾರಾಗಿ ರಕ್ತದಲ್ಲಿ ಇಡೀ ಮೈ ಸುತ್ತುತ್ತದೆ. ಮೂಗು, ಶ್ವಾಸಕೋಶ, ಕರುಳು, ಎಲ್ಲ ಕಡೆ ಕಾದು ಕೂರುತ್ತದೆ. ಪಾಠ ಆದದ್ದು ಚರ್ಮದಲ್ಲಿ, ಜಗಳ ಆಗುವುದು ಎಲ್ಲೆಲ್ಲೋ.

ರಕ್ತದಲ್ಲಿ ಇಂಥದ್ದೊಂದು ಇದೆ ಅಂತ ಮೊದಲು ತೋರಿಸಿದ್ದು ಒಂದು ಮೀನಿನ ಪ್ರಯೋಗ. ನಮ್ಮೂರಿನವರಿಗೆ ಇದನ್ನು ಹೇಳದೆ ಹೇಗೆ ಬಿಡುವುದು. ಹೈಂಜ್ ಕುಸ್ಟ್ನರ್ ಅನ್ನುವ ವೈದ್ಯರಿಗೆ ಮೀನು ತಿಂದರೆ ಮೈಯೆಲ್ಲ ತುರಿಕೆ, ದದ್ದು. ಅವರ ಜೊತೆಗಾರ ಕಾರ್ಲ್ ಪ್ರೌಸ್ನಿಟ್ಜ್ ಕುಸ್ಟ್ನರರ ರಕ್ತದ ತಿಳಿಯನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡರು. ಕೆಲವೇ ನಿಮಿಷದಲ್ಲಿ ಅಲ್ಲೊಂದು ದದ್ದು ಎದ್ದಿತು. ಪ್ರೌಸ್ನಿಟ್ಜರಿಗೆ ಮೀನಿನ ಅಲರ್ಜಿ ಇರಲಿಲ್ಲ. ಅದು 1921. ಆ ರಕ್ತದಲ್ಲಿದ್ದದ್ದು ಐಜಿಇ ಅಂತ ಗೊತ್ತಾಗಲು 1966ರವರೆಗೆ, ಜಪಾನಿನ ಇಶಿಜಾಕಾ ದಂಪತಿಯವರೆಗೆ ಕಾಯಬೇಕಾಯಿತು.

ಈಗ ಮತ್ತೆ ಹಂಚಿನ ಮನೆಗೆ ಬನ್ನಿ. ಹೆಬ್ಬಾಗಿಲಿನಿಂದ ಯಾರಾದರೂ ಬಂದರೆ ನಾವೇನು ಮಾಡುತ್ತೇವೆ? ಬನ್ನಿ ಕೂತ್ಕೊಳ್ಳಿ ಅಂತ ಬೆಲ್ಲ, ನೀರು ಕೊಡುತ್ತೇವೆ. ಅದೇ ಮನುಷ್ಯ ರಾತ್ರಿ ಹಂಚು ತೆಗೆದು ಮಾಡಿನಿಂದ ಇಳಿದರೆ? ಕೈಗೆ ಸಿಕ್ಕಿದ್ದು ತಗೊಂಡು ಹೊಡೆಯುತ್ತೇವೆ. ಒಮ್ಮೆ ಹಾಗೆ ಇಳಿದವನು ಮರುದಿನ ಹೆಬ್ಬಾಗಿಲಿಗೆ ಬಂದರೂ ಕಳ್ಳನೇ. ಬಾಯಿ, ಹೊಟ್ಟೆ, ಕರುಳು ನಮ್ಮ ಹೆಬ್ಬಾಗಿಲು. ಮಗುವಿನ ಕರುಳು ಬಂದದ್ದನ್ನೆಲ್ಲ ನೆಂಟರ ಹಾಗೆ ಗುರುತು ಮಾಡಿಕೊಳ್ಳುತ್ತದೆ. ಒಡೆದ ಚರ್ಮ ಹಾಗಲ್ಲ.

ಇದನ್ನು ಹೀಗೆ ಎರಡು ದಾರಿಯಾಗಿ ಬಿಡಿಸಿ ಹೇಳಿದವರು ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್. 2003ರಲ್ಲಿ ಅವರ ತಂಡ ಬ್ರಿಟನ್ನಿನ ಸುಮಾರು 14 ಸಾವಿರ ಮಕ್ಕಳ ಮಾಹಿತಿ ನೋಡಿತು. ದದ್ದು ಎದ್ದ ಚರ್ಮಕ್ಕೆ ನೆಲಗಡಲೆ ಎಣ್ಣೆ ಇದ್ದ ಕ್ರೀಮ್ ಹಚ್ಚಿಸಿಕೊಂಡ ಮಕ್ಕಳಲ್ಲಿ ನೆಲಗಡಲೆ ಅಲರ್ಜಿ ಜಾಸ್ತಿ ಇತ್ತು. 2008ರಲ್ಲಿ ಇನ್ನೊಂದು ಹೋಲಿಕೆ ಬಂತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ನೆಲಗಡಲೆ ಅಲರ್ಜಿ ಶೇ 1.85, ಇಸ್ರೇಲಿನ ಯಹೂದಿ ಮಕ್ಕಳಲ್ಲಿ ಶೇ 0.17. ಮೂಲ ಒಂದೇ, ವ್ಯತ್ಯಾಸ ಹತ್ತು ಪಟ್ಟು. ಇಸ್ರೇಲಿನಲ್ಲಿ ಹಲ್ಲು ಬರುವ ಮೊದಲೇ ಮಕ್ಕಳ ಬಾಯಿಗೆ ನೆಲಗಡಲೆಯ ತಿಂಡಿ ಬೀಳುತ್ತದೆ. ಬ್ರಿಟನ್ನಿನಲ್ಲಿ ಬೇಡ ಬೇಡ ಅಂತ ತಡೆದಿದ್ದರು. ತಡೆದವರು ವೈದ್ಯರೇ. ಅಲರ್ಜಿಯ ಸಂಭವ ಇರುವ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಕೊಡಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2000ರಲ್ಲಿ ಹೇಳಿತ್ತು. 2008ರಲ್ಲಿ ಆ ಮಾತು ಹಿಂದೆ ತೆಗೆದುಕೊಂಡಿತು.

ಪಕ್ಕಾ ಉತ್ತರ ಸಿಕ್ಕಿದ್ದು 2015ರಲ್ಲಿ. ಜೋರು ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಹಸುಳೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ಸಲವಾದರೂ ನೆಲಗಡಲೆ ತಿಂದಿತು, ಇನ್ನೊಂದು ಐದು ವರ್ಷ ತುಂಬುವವರೆಗೆ ಅದನ್ನು ಮುಟ್ಟಲಿಲ್ಲ. ಶುರುವಿನಲ್ಲಿ ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ನೆಗೆಟಿವ್ ಇದ್ದ ಮಕ್ಕಳನ್ನೇ ನೋಡಿದರೆ, ಮುಟ್ಟದವರಲ್ಲಿ ಶೇ 13.7 ಮಂದಿಗೆ ಅಲರ್ಜಿ ಬಂತು. ತಿಂದವರಲ್ಲಿ ಶೇ 1.9. ಈ ಅಂಕಿ ಮೊದಲ ಸಲ ಓದಿದಾಗ, ಅದಕ್ಕೂ ಮೊದಲು ಎಷ್ಟು ತಾಯಂದಿರಿಗೆ "ಕೊಡಬೇಡಿ" ಅಂದಿದ್ದೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಚರ್ಮದ ದಾರಿ ಬರೀ ಮಕ್ಕಳದ್ದಲ್ಲ. ಜಪಾನಿನಲ್ಲಿ ಒಂದು ಮುಖ ತೊಳೆಯುವ ಸೋಪಿಗೆ ಗೋಧಿಯ ಪ್ರೊಟೀನನ್ನು ಒಡೆದು ಸೇರಿಸಿದ್ದರು. ಹುಟ್ಟಿದಾಗಿನಿಂದ ಗೋಧಿ ತಿಂದು ಆರಾಮಾಗಿದ್ದ ದೊಡ್ಡವರು, ಆ ಸೋಪು ಬಳಸಿದ ಮೇಲೆ ಬ್ರೆಡ್ ತಿಂದರೆ ಕಣ್ಣು ಊದಿ, ಉಸಿರು ಕಟ್ಟಿ ಆಸ್ಪತ್ರೆಗೆ ಓಡುವ ಹಾಗಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನ! ಸೋಪು ಬಿಟ್ಟ ಮೇಲೆ ಹಲವರಿಗೆ ನಿಧಾನಕ್ಕೆ ಕಡಿಮೆಯಾಯಿತು. ನಮ್ಮ ಮನೆಯ ಕಡ್ಲೆಹಿಟ್ಟಿನ ಡಬ್ಬ ನೋಡಿದಾಗಲೆಲ್ಲ ನನಗೆ ಈ ಸೋಪು ನೆನಪಾಗುತ್ತದೆ. ಗಟ್ಟಿ ಚರ್ಮದ ಮಗುವಿಗೆ ಆ ಹಿಟ್ಟು ಹಚ್ಚಿದರೆ ನಾನು ಜಗಳಕ್ಕೆ ಬರುವುದಿಲ್ಲ. ಇಸುಬು ಇರುವ ಮಗುವಿಗೆ ಮಾತ್ರ ಬೇಡವೇ ಬೇಡ. ಕಡ್ಲೆ, ಹೆಸರು, ಬಾದಾಮಿ, ಹಾಲಿನ ಕೆನೆ, ಓಟ್ಸ್, ಯಾವ ಆಹಾರವನ್ನೂ ಆ ಚರ್ಮಕ್ಕೆ ಹಚ್ಚಬೇಡಿ.

ನಮ್ಮ ಕರಾವಳಿಗೆ ಇನ್ನೊಂದು ಕಳ್ಳ ವಿಶೇಷ. ಧೂಳಿನ ನುಸಿ. ಕಣ್ಣಿಗೆ ಕಾಣದ ಹುಳು, ಹಾಸಿಗೆ ದಿಂಬಿನಲ್ಲಿ ನಮ್ಮದೇ ಉದುರಿದ ಚರ್ಮ ತಿಂದು ಬದುಕುತ್ತದೆ. ಅದಕ್ಕೆ ಕುಡಿಯಲು ನೀರು ಬೇಡ, ಗಾಳಿಯ ತೇವವನ್ನೇ ಹೀರುತ್ತದೆ. ಮಳೆಗಾಲದಲ್ಲಿ ಗೋಡೆಗೂ ಬೂಸ್ಟು ಬರುವ ಊರಲ್ಲಿ ಅದಕ್ಕೆ ಸ್ವರ್ಗ. ಇದರ ಹಿಕ್ಕೆಯಲ್ಲಿರುವ ಒಂದು ಪ್ರೊಟೀನ್ ಸುಮ್ನೆ ಸಂದಿಯಿಂದ ನುಗ್ಗುವುದಲ್ಲ, ಕೋಶಗಳ ನಡುವಿನ ಬೆಸುಗೆಯನ್ನೇ ಕತ್ತರಿಸುತ್ತದೆ. ಉಬ್ಬಸ, ಮೂಗಿನ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಇದೊಂದು. ನುಸಿಯ ಮೈಯಲ್ಲಿರುವ ಟ್ರೋಪೊಮಯೋಸಿನ್ ಅನ್ನುವ ಇನ್ನೊಂದು ಪ್ರೊಟೀನ್ ಸಿಗಡಿ, ಏಡಿ, ಜಿರಳೆಗಳಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಾಗಾಗಿ ನುಸಿಯ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಸಿಗಡಿ ತಿಂದರೂ ತುಟಿ ಊದುತ್ತದೆ. ಬಂಗುಡೆ, ಬೂತಾಯಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಮೀನಿನ ಅಲರ್ಜಿ ತರುವ ಪ್ರೊಟೀನ್ ಬೇರೆಯೇ. ಸಿಗಡಿ ಆಗದವರಿಗೆ ಮೀನೂ ಬೇಡ ಅಂತ ಸುಮ್ನೆ ನಿಲ್ಲಿಸಬೇಡಿ. ದಿಂಬಿನ ಕವರು, ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಲ್ಲಿ ಒಗೆಯಿರಿ, ಬಿಸಿಲು ಬಂದ ದಿನ ಹಾಸಿಗೆ ಹೊರಗೆ ಹಾಕಿ.

ಇಷ್ಟು ಕೇಳಿ ಹೆದರಬೇಡಿ. ಇಸುಬು ಬಂದ ಮಗುವಿಗೆಲ್ಲ ದಮ್ಮು ಬರುತ್ತದೆ ಅಂತಲ್ಲ. ಬ್ರಿಟನ್ನಿನಲ್ಲಿ ಸುಮಾರು 10 ಸಾವಿರ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಇಸುಬು, ಉಬ್ಬಸ, ಮೂಗಿನ ಅಲರ್ಜಿಯ ಲಕ್ಷಣ ಇದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 94 ಮಂದಿ ಈ ಸಾಲು ಹಿಡಿದು ಹೋಗಿರಲೇ ಇಲ್ಲ. ಬೇಗ ಶುರುವಾಗಿ, ಜೋರಾಗಿ, ಬಿಡದೆ ಕಾಡುವ ಇಸುಬಿನ ಮಕ್ಕಳ ಮೇಲೆ ಕಣ್ಣಿಡಬೇಕು. ಉಳಿದವರಲ್ಲಿ ಹೆಚ್ಚಿನವರಿಗೆ ಬೆಳೆಯುತ್ತಾ ಕಡಿಮೆಯಾಗುತ್ತದೆ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನೂರು ಪದಾರ್ಥಗಳ ಪಟ್ಟಿ ಹಿಡಿದು, ಅರ್ಧಕ್ಕೆ ಕೆಂಪು ಗೆರೆ ಎಳೆದುಕೊಂಡು ಬರುವ ಅಮ್ಮಂದಿರನ್ನು ವಾರಕ್ಕೆ ಎರಡು ಮೂರು ಸಲ ನೋಡುತ್ತೇನೆ. ನಮ್ಮ ಕರ್ನಾಟಕದಲ್ಲೇ ದೊಡ್ಡವರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಯಾವುದಾದರೂ ಆಹಾರಕ್ಕೆ ಪಾಸಿಟಿವ್ ಬಂದವರು ಶೇ 26.5. ನಿಜಕ್ಕೂ ಆಹಾರದ ಅಲರ್ಜಿ ಇದ್ದವರು ಶೇ 1.2. ಎರಡರ ನಡುವೆ ಎಷ್ಟು ಅಂತರ ನೋಡಿ. ತಿಂದ ಎರಡು ಗಂಟೆಯೊಳಗೆ ದದ್ದು, ವಾಂತಿ, ತುಟಿ ಊತ, ಉಸಿರಿನ ತೊಂದರೆ ಆದರೆ ಅದು ಅಲರ್ಜಿಯ ಲಕ್ಷಣ. ಬರೀ ಕಾಗದದ ಮೇಲಿನ ಗೆರೆ ಅಲರ್ಜಿ ಅಲ್ಲ. ಆ ಕಾಗದ ನಂಬಿ ಮೊಟ್ಟೆ, ಹಾಲು ನಿಲ್ಲಿಸಿದರೆ ಮಗು ಸೊರಗುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ತಿಂದು ಅರಗಿಸಿಕೊಳ್ಳುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ನಿಲ್ಲಿಸಿ ಮತ್ತೆ ಕೊಟ್ಟಾಗ, ಮೊದಲಿರದ ಜೋರು ಅಲರ್ಜಿ ಕಾಣಿಸಿಕೊಂಡ ಮಕ್ಕಳಿದ್ದಾರೆ. ಹೆಬ್ಬಾಗಿಲು ಮುಚ್ಚಿ ಮಾಡು ತೆರೆದಿಟ್ಟರೆ ಇನ್ನೇನಾಗುತ್ತದೆ.

ಹಾಗಾದರೆ ಮಾಡು ಸರಿ ಮಾಡುವುದು ಹೇಗೆ? ಹುಟ್ಟಿದ ದಿನದಿಂದಲೇ ಎಲ್ಲ ಮಕ್ಕಳಿಗೂ ಕ್ರೀಮ್ ಹಚ್ಚಿದರೆ ಇಸುಬೇ ಬಾರದು ಅಂತ ನಮಗೆಲ್ಲ ತುಂಬಾ ಆಸೆ ಇತ್ತು. ಬ್ರಿಟನ್ನಿನಲ್ಲಿ 1,394 ಹಸುಳೆಗಳ ಮೇಲೆ ಇದನ್ನು ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು. ಹಚ್ಚಿದವರಲ್ಲಿ ಶೇ 23, ಹಚ್ಚದವರಲ್ಲಿ ಶೇ 25 ಮಕ್ಕಳಿಗೆ ಇಸುಬು. ಅಂದರೆ ಪ್ರಯೋಜನ ಆಗಲಿಲ್ಲ. ಆರೋಗ್ಯವಾಗಿರುವ ಮಗುವಿಗೆ ದುಬಾರಿ ಕ್ರೀಮ್ ಕೊಳ್ಳಲು ನಿಮ್ಮ ದುಡ್ಡು ಹಾಕಬೇಡಿ. ಆದರೆ ಇಸುಬು ಬಂದ ಮೇಲೆ ಮಾತೇ ಬೇರೆ. ಜಪಾನಿನಲ್ಲಿ 7ರಿಂದ 13 ವಾರದ, ಇಸುಬು ಇದ್ದ 650 ಹಸುಳೆಗಳಲ್ಲಿ ಒಂದು ಗುಂಪಿಗೆ ಕಾಯದೆ, ತಡಮಾಡದೆ ಸ್ಟಿರಾಯ್ಡ್ ಮುಲಾಮಿನ ಚಿಕಿತ್ಸೆ ಕೊಟ್ಟು ಉರಿಯನ್ನು ಪೂರ್ತಿ ತಣಿಸಿದರು. ಏಳನೇ ತಿಂಗಳ ಹೊತ್ತಿಗೆ ಮೊಟ್ಟೆಯ ಅಲರ್ಜಿ ಆ ಗುಂಪಿನಲ್ಲಿ ಶೇ 31.4, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 41.9. ಚರ್ಮ ಸರಿ ಮಾಡಿದರೆ ಆಹಾರದ ಅಲರ್ಜಿ ತಗ್ಗುತ್ತದೆ ಅಂತ ಮೊದಲ ಸಲ ಹೀಗೆ ಕಣ್ಣಿಗೆ ಕಂಡಿತು. ಆ ಗುಂಪಿನ ಮಕ್ಕಳ ಬೆಳವಣಿಗೆ ಸ್ವಲ್ಪ ಹಿಂದೆ ಬಿದ್ದದ್ದೂ ನಿಜ. ಅದಕ್ಕೇ ಎಳೆ ಮಗುವಿಗೆ ಯಾವ ಮುಲಾಮು, ಎಷ್ಟು ದಿನ ಅನ್ನುವುದನ್ನು ವೈದ್ಯರೇ ಹೇಳಬೇಕು.

ಸ್ಟಿರಾಯ್ಡ್ ಅಂದ ಕೂಡಲೇ ನಿಮ್ಮ ಮುಖ ಬಾಡುವುದು ನನಗೆ ಗೊತ್ತು. ಸರಿಯಾದ ಬಲದ್ದು, ಸರಿಯಾದ ದಿನಗಳು, ಸರಿಯಾದ ಅಳತೆ ಇದ್ದರೆ ಅದು ಮಗುವಿನ ಸ್ನೇಹಿತ. ದೊಡ್ಡವರ ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ ಟ್ಯೂಬಿನಿಂದ ಹಿಂಡಿದರೆ, ದೊಡ್ಡವರ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕಾಗುತ್ತದೆ. ನನಗೆ ಭಯ ಇರುವುದು ಬೇರೆಯದರ ಬಗ್ಗೆ. ಚೀಟಿ ಇಲ್ಲದೆ ಅಂಗಡಿಯಿಂದ ತರುವ, ಜೋರು ಸ್ಟಿರಾಯ್ಡ್, ಹುಳಕಡ್ಡಿಯ ಔಷಧಿ, ಆಂಟಿಬಯೋಟಿಕ್ ಎಲ್ಲ ಒಟ್ಟಿಗೆ ಬೆರೆಸಿದ ಮುಲಾಮು. ಎರಡು ದಿನದಲ್ಲಿ ಮ್ಯಾಜಿಕ್, ಎರಡು ತಿಂಗಳಲ್ಲಿ ಕಾಗದದಂತೆ ತೆಳುವಾದ ಚರ್ಮ. ದಯವಿಟ್ಟು ಅದನ್ನು ಮಗುವಿನ ಮುಖಕ್ಕೆ ಮುಟ್ಟಿಸಬೇಡಿ.

ಸ್ನಾನದ್ದು ಸುಲಭ. ಹಂಡೆಯ ಕುದಿ ನೀರು ಬೇಡ, ಮೊಣಕೈ ಅದ್ದಿ ನೋಡಿದರೆ ಹಿತ ಅನ್ನಿಸುವಷ್ಟು ಬೆಚ್ಚಗಿರಲಿ. ಐದು, ಹತ್ತು ನಿಮಿಷ ಸಾಕು. ಮಾಮೂಲಿ ಸೋಪು ಕ್ಷಾರ, ಚರ್ಮ ಹುಳಿ ಗುಣದ್ದು. ಸೋಪು ಸಂದಿಯ ಜಿಡ್ಡನ್ನು ತೊಳೆದುಬಿಡುತ್ತದೆ. ಸೋಪಲ್ಲದ, ಪರಿಮಳ ಇಲ್ಲದ ಕ್ಲೆನ್ಸರ್ ಸ್ವಲ್ಪ ಬಳಸಿ. ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ಪಸೆಯಾಗಿರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಎಷ್ಟು ಅಂತ ಕೇಳಿದರೆ ಜನ ನಂಬುವುದಿಲ್ಲ, ಜೋರು ಇಸುಬಿನ ಮಗುವಿಗೆ ವಾರಕ್ಕೆ 250 ಗ್ರಾಂ ಬೇಕು. ಅಷ್ಟು ದುಡ್ಡಿಲ್ಲದವರಿಗೆ ನಾನು ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನೇ ಹೇಳುವುದು. ಬೆವರಿದಾಗ ತುರಿಕೆ ಏರುತ್ತದೆ, ಆಗ ಬರೀ ನೀರಲ್ಲಿ ಮೈ ತೊಳೆದು ಮತ್ತೆ ಹಚ್ಚಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿಯ ಜೊತೆಗೆ ಮನೆಯಲ್ಲಿ ತಿನ್ನುವ ಎಲ್ಲವನ್ನೂ ಒಂದೊಂದಾಗಿ ಶುರು ಮಾಡಿ. ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ನೆಲಗಡಲೆಯ ನುಣ್ಣನೆ ಪುಡಿ ಮಣ್ಣಿಯಲ್ಲಿ ಕಲಸಿ. ಇಡೀ ಕಾಳು ಐದು ವರ್ಷದವರೆಗೆ ಬೇಡ, ಗಂಟಲಲ್ಲಿ ಸಿಕ್ಕುತ್ತದೆ. ಜೋರು ಇಸುಬಿನ ಮಗುವಾದರೆ ಮೊಟ್ಟೆ, ನೆಲಗಡಲೆ ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ಕೇಳುವುದು ಬೇಗ ಕೊಡುವುದಕ್ಕೋಸ್ಕರ, ಮುಂದೂಡುವುದಕ್ಕಲ್ಲ.

ಆ ಐದು ತಿಂಗಳ ಮಗುವಿನ ಅಮ್ಮನಿಗೆ ನಾನು ಮೊದಲು ಹೇಳಿದ್ದು, ಇವತ್ತು ಮನೆಗೆ ಹೋಗಿ ಮೀನು ಸಾರು ಹಾಕಿಕೊಂಡು ಹೊಟ್ಟೆ ತುಂಬ ಉಣ್ಣಿ ಅಂತ. ಅವರು ಅಲ್ಲೇ ಅತ್ತುಬಿಟ್ಟರು. ಎರಡು ವಾರದಲ್ಲಿ ಮಗುವಿನ ಕೆನ್ನೆ ಒಣಗಿತು. ಕೈಯ ಚೀಲ ಬಿಚ್ಚಿದರು. ಆಮೇಲೆ ಒಂದೆರಡು ಸಲ ಇಸುಬು ಮರುಕಳಿಸಿತು, ಚಿಕಿತ್ಸೆ ಗೊತ್ತಿದ್ದರಿಂದ ಅವರು ಹೆದರಲಿಲ್ಲ. ಅಜ್ಜಿ ಆ ಡಬ್ಬದಲ್ಲಿ ಈಗ ಮಗುವಿನ ಕ್ರೀಮು, ಹತ್ತಿ, ಉಗುರು ಕತ್ತರಿ ಇಟ್ಟುಕೊಂಡಿದ್ದಾರೆ.

ಮಾತು ಮುಗಿಸಿದ ಮೇಲೆ ಒಬ್ಬರು ಅಂಗನವಾಡಿ ಕಾರ್ಯಕರ್ತೆ ಸರಿಯಾದ ಜಾಗಕ್ಕೇ ಕೈ ಹಾಕಿದರು. "ಮೇಡಂ, ತೆಂಗಿನೆಣ್ಣೆಯೂ ತಿನ್ನುದೇ ಅಲ್ವಾ? ಅದನ್ನು ಹಚ್ಚಬಹುದಾ?" ಅಲರ್ಜಿ ತರುವುದು ಪ್ರೊಟೀನ್, ಕೊಬ್ಬಲ್ಲ. ಚೆನ್ನಾಗಿ ಸೋಸಿದ ತೆಂಗಿನೆಣ್ಣೆಯಲ್ಲಿ ಪ್ರೊಟೀನ್ ತೀರಾ ಕಡಿಮೆ, ತೆಂಗಿನ ಅಲರ್ಜಿಯೂ ಅಪರೂಪ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಡಿಮೆ ಮತ್ತು ಮಧ್ಯಮ ಇಸುಬಿಗೆ ಖನಿಜ ತೈಲಕ್ಕಿಂತ ಶುದ್ಧ ತೆಂಗಿನೆಣ್ಣೆಯೇ ಮೇಲಾಗಿತ್ತು. ಹಾಗಾಗಿ ಒಣ ಚರ್ಮಕ್ಕೆ ಹಚ್ಚಿ. ಮನೆಯಲ್ಲೇ ತೆಂಗಿನ ಹಾಲು ಕಾಯಿಸಿ ತೆಗೆದ ಎಣ್ಣೆಯಾದರೆ ಅಡಿಯಲ್ಲಿ ನಿಂತ ಗಸಿ ಬರದ ಹಾಗೆ ಸೋಸಿಕೊಳ್ಳಿ. ನೀರು ಒಸರುವ ಚರ್ಮಕ್ಕೆ ಮಾತ್ರ ನಾನು ಯಾವ ಎಣ್ಣೆಯನ್ನೂ ಹೇಳುವುದಿಲ್ಲ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎರಡೂ ಬೇಡ, ಅವು ಹಂಚನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಕಡೆಗೆ ಬಂದವರು ಮೊಮ್ಮಗಳನ್ನು ಕರೆತಂದಿದ್ದ ಮೀನು ಮಾರುವ ಅಮ್ಮ. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ಅಂಗೈ ಬಿಡಿಸಿ ತೋರಿಸಿದರು. ಬೆರಳ ಸಂದಿ ಕೆಂಪಗೆ, ಬೆರಳ ತುದಿ ಸೀಳಿ ಸೀಳಿ. "ಮಗುವಿದ್ದು ಆಯ್ತು ಡಾಕ್ಟ್ರೇ. ನನ್ನ ಕೈಗೆ ಎಂತ ಮಾಡುದು? ಮೀನು ಮುಟ್ಟಿದ ಕೂಡ್ಲೆ ತುರಿಸ್ಲಿಕ್ಕೆ ಶುರು ಆಗ್ತದೆ. ತಿಂದ್ರೆ ಎಂತದೂ ಇಲ್ಲ." ಐಸು, ಉಪ್ಪುನೀರು, ಮೀನಿನ ರಸದಲ್ಲಿ ದಿನವಿಡೀ ನೆನೆದ ಕೈ. ಇದೇ ಚರ್ಮದ ದಾರಿ. ಅಡುಗೆ ಮತ್ತು ಮೀನಿನ ಕೆಲಸದವರ ಕೈಯಲ್ಲಿ ಬರುವ ಇಂಥ ಇಸುಬನ್ನು ಡೆನ್ಮಾರ್ಕಿನ ವೈದ್ಯರು 1976ರಲ್ಲೇ ವಿವರಿಸಿದ್ದರು. ಒಳಗೆ ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದ್ದು ಹಾಕಿ ಅಂದೆ. ಬೆವರಿದರೆ ಹತ್ತಿಯದ್ದು ಬದಲಿಸಿ, ಎರಡು ಮೂರು ಜೊತೆ ಇಟ್ಟುಕೊಳ್ಳಿ. ಮನೆಗೆ ಹೋದ ಕೂಡಲೇ ಸಿಹಿ ನೀರಲ್ಲಿ ತೊಳೆದು ದಪ್ಪಗೆ ಜೆಲ್ಲಿ ಹಚ್ಚಿ. ಹದಿನೈದು ದಿನಕ್ಕೆ ಒಂದು ಮುಲಾಮು ಬರೆದುಕೊಟ್ಟೆ. ಅವರು ಚೀಟಿ ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡು, ಕೈಗವಸಿಗೆ ಎಷ್ಟಾಗಬಹುದು ಅಂತ ಕೇಳಿದರು.